ಮಸ್ಕಿಯ ಕಾಲಮಾನದಲ್ಲಿ ಒಂದು ನೀಹಾರಿಕೆ

ರಾಯಚೂರು ಜಿಲ್ಲೆಯ ಮಸ್ಕಿಗೆ ಇತಿಹಾಸದಲ್ಲಿ ದೊಡ್ಡ ಹೆಸರು ಬಂದದ್ದು ಮೂರಕ್ಷರದ ಒಂದು ಹೆಸರಿನಿಂದ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಬರಹವನ್ನು ಗುರುತಿಸಿದರು. ಆಗ ಈ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿತ್ತು. ದೇಶದ ಉದ್ದಗಲಕ್ಕೂ ಅದಾಗಲೇ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ದೊರೆ ತನ್ನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಕರೆದುಕೊಂಡಿದ್ದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ, ಸಿಂಹಳದ ಬೌದ್ಧ ವೃತ್ತಾಂತಗಳ ಆಧಾರದಿಂದ ಈ ದೊರೆ ಮೌರ್ಯರ ಅಶೋಕನೇ ಇರಬೇಕೆಂದು ವಿದ್ವಾಂಸರು ತರ್ಕಿಸಿದ್ದರು. ಅದನ್ನು ಕಲ್ಲೇ ಬಾಯಿಬಿಟ್ಟು ಹೇಳಿದ್ದು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಹಾಗೂ ಉಡೇಗೋಳಂಗಳಲ್ಲೂ ಅಶೋಕನ ಹೆಸರುಳ್ಳ ಶಾಸನಗಳು ದೊರೆತವು. ಮೊದಲಿನದು ಮಾತ್ರ ಮಸ್ಕಿಯದೇ.

ಸರಿಯಾದ ಹೆಸರೊಂದು ತಡವಾಗಿ ಸಿಕ್ಕ ಕಥೆ ಇದು. ತಪ್ಪು ಹೆಸರೊಂದು ಬೇಗ ಅಂಟಿಕೊಂಡು ಇಂದಿಗೂ ಬಿಡದಿರುವ ಕಥೆಯೊಂದು ಆಕಾಶದಲ್ಲಿದೆ. ಅದು 'ಗ್ರಹೀಯ ನೀಹಾರಿಕೆ'ಗಳ ಕಥೆ. ಹೆಸರಿನಲ್ಲಿ ಗ್ರಹವಿದ್ದರೂ ಇವಕ್ಕೂ ಗ್ರಹಗಳಿಗೂ ಸಂಬಂಧವಿಲ್ಲ. ಇವು ಸೂರ್ಯನಂಥ ನಕ್ಷತ್ರಗಳು ಬಾಳಿನ ಕೊನೆಯಲ್ಲಿ ಹೊರಚೆಲ್ಲಿದ ಅನಿಲದ ಮೋಡಗಳು. ಈ ಮೋಡಗಳು ಹೇಗೆ ಹಿಗ್ಗುತ್ತವೆ, ಉಂಗುರದಂತೆ, ಚಿಟ್ಟೆಯಂತೆ, ಬೆಕ್ಕಿನ ಕಣ್ಣಿನಂತೆ ಬಗೆಬಗೆಯ ರೂಪವನ್ನು ಹೇಗೆ ತಾಳುತ್ತವೆ ಎಂಬುದನ್ನು ಅರಿಯಲು ಖಗೋಳ ವಿಜ್ಞಾನಿಗಳಿಗೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದರಲ್ಲಿ ಬೆಂಗಳೂರಿನ ಪಾಲೂ ಇದೆ.

ಗ್ರಹವಲ್ಲದ ಗ್ರಹ

ಇಂಥ ನೀಹಾರಿಕೆಯೊಂದನ್ನು ಮೊದಲು ಕಂಡು ಬರೆದಿಟ್ಟವನು ಫ್ರಾನ್ಸಿನ ಚಾರ್ಲ್ಸ್ ಮೆಸಿಯೆ. ಅವನು ಧೂಮಕೇತುಗಳ ಬೇಟೆಗಾರ. ಧೂಮಕೇತುವೆಂದು ಭ್ರಮೆ ಹುಟ್ಟಿಸುವ ಮಸುಕು ಕಲೆಗಳ ಪಟ್ಟಿಯನ್ನು ಮಾಡುತ್ತಿದ್ದ ಅವನು 1764ರಲ್ಲಿ ಅಂಥ ಒಂದು ಕಲೆಯನ್ನು ಕಂಡ. ಅದು ಇಂದು ಡಂಬೆಲ್ ನೀಹಾರಿಕೆ ಎನಿಸಿಕೊಂಡಿದೆ. 1779ರಲ್ಲಿ ಅವನೂ ಅವನ ನಾಡಿನವನೇ ಆದ ದಾರ್ಕಿಯೆಯೂ ಅಭಿಜಿತ್ ನಕ್ಷತ್ರದ ಬಳಿ ಉಂಗುರದಾಕಾರದ ಇನ್ನೊಂದನ್ನು ಕಂಡರು. ದಾರ್ಕಿಯೆಗೆ ಅದು ಮಂಕಾಗುತ್ತಿರುವ ಗ್ರಹದಂತೆ ತೋರಿತು.

ಹೆಸರನ್ನು ಗಟ್ಟಿ ಮಾಡಿದವನು ಇಂಗ್ಲೆಂಡಿನ ವಿಲಿಯಂ ಹರ್ಷೆಲ್. ವೃತ್ತಿಯಿಂದ ಸಂಗೀತಗಾರನಾಗಿದ್ದ ಈತ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದಿದ್ದ. ದೂರದರ್ಶಕದಲ್ಲಿ ಯುರೇನಸ್ ಹಸಿರು ಛಾಯೆಯ ಪುಟ್ಟ ಬಿಲ್ಲೆಯಂತೆ ಕಾಣುತ್ತದೆ. ಈ ನೀಹಾರಿಕೆಗಳೂ ಹಾಗೆಯೇ ಕಂಡವು. 'ಗ್ರಹದಂಥ ನೀಹಾರಿಕೆ' ಎಂದು ಹರ್ಷೆಲ್ ಕರೆದ. ಆದರೆ 1790ರ ನವೆಂಬರಿನಲ್ಲಿ ಅವನ ಕಣ್ಣಿಗೆ ಒಂದು ನೀಹಾರಿಕೆಯ ಸರಿಯಾಗಿ ನಡುವೆ ಒಂದು ನಕ್ಷತ್ರ ಬಿತ್ತು. ಅದುವರೆಗೆ ಎಲ್ಲ ನೀಹಾರಿಕೆಗಳೂ ಬಿಡಿಯಾಗಿ ಕಾಣದಷ್ಟು ದೂರದ ನಕ್ಷತ್ರಗಳ ಗುಂಪುಗಳೇ ಎಂದು ಅವನು ನಂಬಿದ್ದ. ಈ ನಂಬಿಕೆ ಅಲುಗಾಡಿತು. ಒಂದೇ ನಕ್ಷತ್ರ, ಅದರ ಸುತ್ತ ಹೊಳೆಯುವ ಯಾವುದೋ ದ್ರವ್ಯ. ಹರ್ಷೆಲ್ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡ. ಹೆಸರು ಮಾತ್ರ ಬದಲಾಗಲಿಲ್ಲ.

ಬೆಳಕಿನ ಲಿಪಿ

ಆ ದ್ರವ್ಯ ಯಾವುದು ಎಂದು ತಿಳಿಯಲು ಬೆಳಕಿನ ಲಿಪಿಯನ್ನು ಓದಬೇಕಿತ್ತು. 1864ರ ಆಗಸ್ಟಿನಲ್ಲಿ ವಿಲಿಯಂ ಹಗಿನ್ಸ್ ಲಂಡನ್ನಿನ ತನ್ನ ಮನೆಯ ವೀಕ್ಷಣಾಲಯದಿಂದ 'ಬೆಕ್ಕಿನ ಕಣ್ಣು' ಎಂಬ ನೀಹಾರಿಕೆಯ ಕಡೆಗೆ ರೋಹಿತದರ್ಶಕವನ್ನು ತಿರುಗಿಸಿದ. ನಕ್ಷತ್ರದ ಬೆಳಕು ಅದರಲ್ಲಿ ಕಾಮನಬಿಲ್ಲಿನ ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಇಲ್ಲಿ ಕಂಡದ್ದು ಕಪ್ಪು ಹಿನ್ನೆಲೆಯಲ್ಲಿ ಒಂದೆರಡು ಹೊಳೆಯುವ ಗೆರೆಗಳು ಮಾತ್ರ. ಬಿಸಿಯಾದ ವಿರಳ ಅನಿಲವಷ್ಟೇ ಹೀಗೆ ಗೆರೆಗಳಾಗಿ ಬೆಳಗಬಲ್ಲದು. ನೀಹಾರಿಕೆ ನಕ್ಷತ್ರಗಳ ಗುಂಪಲ್ಲ, ಅನಿಲ ಎಂಬುದು ಇತ್ಯರ್ಥವಾಯಿತು.

ಆದರೆ ಆ ಗೆರೆಗಳಲ್ಲಿ ಅತಿ ಪ್ರಖರವಾದ ಹಸಿರು ಗೆರೆ ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಿಕೆಯಾಗಲಿಲ್ಲ. ಸೂರ್ಯನ ಬೆಳಕಿನಲ್ಲಿ ಹೀಲಿಯಂ ಎಂಬ ಹೊಸ ಧಾತು ಮೊದಲು ಕಂಡು, ಆಮೇಲೆ ಭೂಮಿಯಲ್ಲೂ ಸಿಕ್ಕ ಉದಾಹರಣೆ ಕಣ್ಣ ಮುಂದಿತ್ತು. ಹಾಗಾಗಿ ಇದೂ ಹೊಸ ಧಾತುವೇ ಇರಬೇಕೆಂದು 'ನೆಬ್ಯುಲಿಯಂ' ಎಂಬ ಹೆಸರನ್ನೂ ಇಟ್ಟರು. ಇಂಥ ಧಾತುವೇ ಇಲ್ಲವೆಂದು ಅಮೆರಿಕದ ಐರಾ ಬೋವೆನ್ ತೋರಿಸಿಕೊಟ್ಟದ್ದು 1927ರಲ್ಲಿ. ಆ ಹಸಿರು ಬೆಳಕು ನಾವು ಉಸಿರಾಡುವ ಆಮ್ಲಜನಕದ್ದೇ. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ಪರಮಾಣು, ಯಾರೂ ಢಿಕ್ಕಿ ಹೊಡೆಯದೆ ಸಾಕಷ್ಟು ಹೊತ್ತು ತನ್ನಷ್ಟಕ್ಕೆ ಇದ್ದರೆ ಮಾತ್ರ ಈ ಬೆಳಕನ್ನು ಸೂಸುತ್ತದೆ. ಭೂಮಿಯ ಪ್ರಯೋಗಶಾಲೆಗಳಲ್ಲಿ ಅಂಥ ಏಕಾಂತ ಅದಕ್ಕೆ ಸಿಗುವುದಿಲ್ಲ. ನೀಹಾರಿಕೆಯಲ್ಲಾದರೋ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಇರುವುದು ಕೆಲವು ಸಾವಿರ ಕಣಗಳಷ್ಟೇ. ಅದೇ ಜಾಗದ ನಮ್ಮ ಗಾಳಿಯಲ್ಲಿ ಒಂದರ ಮುಂದೆ ಹತ್ತೊಂಬತ್ತು ಸೊನ್ನೆ ಹಾಕಿದಷ್ಟು ಅಣುಗಳಿರುತ್ತವೆ. ಕಣ್ಣಿಗೆ ದಟ್ಟ ಮೋಡದಂತೆ ಕಾಣುವ ನೀಹಾರಿಕೆ, ನಮ್ಮ ಲೆಕ್ಕದಲ್ಲಿ ಬಹುತೇಕ ಬಯಲೇ.

ಆ ಅನಿಲವನ್ನು ಬೆಳಗಿಸುವ ದೀಪ ನಡುವಿನ ನಕ್ಷತ್ರ. ಅದರ ಅತಿನೇರಳೆ ಕಿರಣಗಳನ್ನು ಅನಿಲ ಹೀರಿಕೊಂಡು ನಮ್ಮ ಕಣ್ಣಿಗೆ ಕಾಣುವ ಬೆಳಕಾಗಿ ಮರಳಿಸುತ್ತದೆ ಎಂಬುದನ್ನು ಡಚ್ ವಿಜ್ಞಾನಿ ಹರ್ಮನ್ ಜಾನ್‌ಸ್ಟ್ರಾ ಅದೇ 1927ರಲ್ಲಿ ವಿವರಿಸಿದರು.

ಹಿಗ್ಗುತ್ತಿದೆ ಎಂದು ತಿಳಿದದ್ದು

ರೋಹಿತದ ಗೆರೆಗಳು ಇನ್ನೂ ಒಂದು ಗುಟ್ಟನ್ನು ಹೇಳಿದವು. 1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಮತ್ತು ಮೂರ್ ಹಲವು ನೀಹಾರಿಕೆಗಳ ಗೆರೆಗಳನ್ನು ಸೂಕ್ಷ್ಮವಾಗಿ ಅಳೆದಾಗ, ಒಂದೇ ಗೆರೆ ನಡುವೆ ಸೀಳಿ ಎರಡಾಗಿರುವುದು ಕಂಡಿತು. ರಾಯಚೂರು ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವ ರೈಲುಗಾಡಿಯ ಸಿಳ್ಳನ್ನು ನೆನಪಿಸಿಕೊಳ್ಳಿ. ಗಾಡಿ ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ. ಬೆಳಕಿನಲ್ಲೂ ಹಾಗೆಯೇ. ನಮ್ಮತ್ತ ಬರುವ ಅನಿಲದ ಬೆಳಕು ನೀಲಿಯ ಕಡೆಗೂ ನಮ್ಮಿಂದ ದೂರ ಸರಿಯುವ ಅನಿಲದ ಬೆಳಕು ಕೆಂಪಿನ ಕಡೆಗೂ ಜರುಗುತ್ತದೆ. ನೀಹಾರಿಕೆ ಟೊಳ್ಳಾದ ಚಿಪ್ಪಿನಂತಿದ್ದು ಎಲ್ಲ ದಿಕ್ಕಿಗೂ ಹಿಗ್ಗುತ್ತಿದ್ದರೆ, ಮುಂಬದಿ ನಮ್ಮತ್ತ ಬರುತ್ತಿರುತ್ತದೆ, ಹಿಂಬದಿ ದೂರ ಹೋಗುತ್ತಿರುತ್ತದೆ. ಒಂದು ಗೆರೆ ಎರಡಾಗುವುದು ಇದರಿಂದಲೇ. ಮೊದಲು ಇದನ್ನು ತಿರುಗುವ ಚಲನೆ ಎಂದು ಅರ್ಥೈಸಿದರು. ಹಿಗ್ಗುವಿಕೆ ಎಂಬ ವಿವರಣೆ ನೆಲೆಯೂರಿದ್ದು ಆಮೇಲಿನ ವರ್ಷಗಳಲ್ಲಿ.

ಹಿಗ್ಗುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 40 ಕಿಲೋಮೀಟರ್. ಇಪ್ಪತ್ತೆಂದೇ ಇಟ್ಟುಕೊಂಡರೂ ವರ್ಷಕ್ಕೆ 63 ಕೋಟಿ ಕಿಲೋಮೀಟರ್ ಆಯಿತು. ಇದು ಸೂರ್ಯನಿಂದ ಭೂಮಿಗಿರುವ ದೂರದ ನಾಲ್ಕು ಪಟ್ಟಿಗೂ ಹೆಚ್ಚು. ಈ ವೇಗದಲ್ಲಿ ಒಂದು ಜ್ಯೋತಿರ್ವರ್ಷ ಕ್ರಮಿಸಲು ಅನಿಲಕ್ಕೆ 15 ಸಾವಿರ ವರ್ಷ ಬೇಕು. ಅಷ್ಟರಲ್ಲಿ ಅದು ಎಷ್ಟು ತೆಳುವಾಗಿರುತ್ತದೆಂದರೆ ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ನೀಹಾರಿಕೆ ಕಣ್ಮರೆಯಾಗುತ್ತದೆ. ಸೂರ್ಯನಂಥ ನಕ್ಷತ್ರದ ಆಯುಷ್ಯ ಸುಮಾರು ಸಾವಿರ ಕೋಟಿ ವರ್ಷ. ಅದನ್ನು ಒಂದು ವರ್ಷಕ್ಕೆ ಇಳಿಸಿದರೆ ನೀಹಾರಿಕೆ ಹೊಳೆಯುವುದು ಒಂದೇ ಒಂದು ನಿಮಿಷ. ನಮ್ಮ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿದ್ದರೂ ಇದುವರೆಗೆ ಗುರುತಿಸಿರುವ ಗ್ರಹೀಯ ನೀಹಾರಿಕೆಗಳು ಕೆಲವೇ ಸಾವಿರ ಇರಲು ಈ ಅಲ್ಪಾಯುಷ್ಯವೂ ಒಂದು ಕಾರಣ.

ನಿಧಾನದ ಗಾಳಿ, ರಭಸದ ಗಾಳಿ

ಹಾಗಾದರೆ ನಕ್ಷತ್ರ ಏಕೆ ತನ್ನ ಮೈಯನ್ನೇ ಹೊರಚೆಲ್ಲುತ್ತದೆ? ಸೂರ್ಯನಷ್ಟು ತೂಕದಿಂದ ಹಿಡಿದು ಸೂರ್ಯನ ಎಂಟು ಪಟ್ಟಿನವರೆಗಿನ ನಕ್ಷತ್ರಗಳ ಒಡಲಲ್ಲಿ ಜಲಜನಕ ತೀರಿ, ಆಮೇಲೆ ಹೀಲಿಯಂ ಸಹ ಉರಿದು ಇಂಗಾಲ ಮತ್ತು ಆಮ್ಲಜನಕದ ಗಟ್ಟಿ ಗರ್ಭವೊಂದು ಉಳಿಯುತ್ತದೆ. ಹೊರಮೈ ಮಾತ್ರ ನೂರಾರು ಪಟ್ಟು ಉಬ್ಬಿ, ತಣಿದು, ಕೆಂಪಾಗುತ್ತದೆ. ಇದು ಕೆಂಪು ದೈತ್ಯದ ಕೊನೆಯ ಘಟ್ಟ. ಈ ದೈತ್ಯ ಒಂದು ವರ್ಷದ ಆಸುಪಾಸಿನ ಲಯದಲ್ಲಿ ಉಬ್ಬಿ ಕುಗ್ಗುತ್ತದೆ. ಹೀಗೆ ಮೇಲೆದ್ದ ಅನಿಲ ತಣ್ಣಗಾಗಿ ಅದರಲ್ಲಿ ಮಸಿಯಂಥ, ಮರಳಿನಂಥ ಸೂಕ್ಷ್ಮ ಧೂಳು ಹೆಪ್ಪುಗಟ್ಟುತ್ತದೆ. ನಕ್ಷತ್ರದ ಬೆಳಕೇ ಈ ಧೂಳನ್ನು ಹೊರಕ್ಕೆ ತಳ್ಳುತ್ತದೆ, ಧೂಳು ತನ್ನೊಂದಿಗೆ ಅನಿಲವನ್ನೂ ಎಳೆದೊಯ್ಯುತ್ತದೆ. ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದ ಈ ನಿಧಾನದ ಗಾಳಿಯಲ್ಲಿ ನಕ್ಷತ್ರ ತನ್ನ ತೂಕದ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಕೊಳ್ಳುತ್ತದೆ. ಕೆಂಪು ದೈತ್ಯದಿಂದ ನೀಹಾರಿಕೆ, ನೀಹಾರಿಕೆಯ ನಡುವೆ ಉಳಿದ ಗರ್ಭದಿಂದ ಶ್ವೇತ ಕುಬ್ಜ ಎಂಬ ಈ ವಂಶಾವಳಿಯನ್ನು 1956ರಲ್ಲಿ ಮೊದಲು ಸ್ಪಷ್ಟವಾಗಿ ಮುಂದಿಟ್ಟವರು ಸೋವಿಯತ್ ವಿಜ್ಞಾನಿ ಇಯೊಸಿಫ್ ಶ್ಕ್ಲೊವ್‌ಸ್ಕಿ.

ಒಂದು ತೊಡಕು ಮಾತ್ರ ಉಳಿಯಿತು. ಗಾಳಿಯ ವೇಗ ಸೆಕೆಂಡಿಗೆ 10 ಕಿಲೋಮೀಟರ್, ನೀಹಾರಿಕೆ ಹಿಗ್ಗುವ ವೇಗ ಅದರ ಎರಡು ಮೂರು ಪಟ್ಟು. ಸುಮ್ಮನೆ ಹರಡುವ ಅನಿಲ ಅಂಚು ಗಟ್ಟಿಯಾದ ಚಿಪ್ಪಿನಂತೆ ಏಕೆ ಕಾಣಬೇಕು? 1978ರಲ್ಲಿ ಕೆನಡಾದಲ್ಲಿದ್ದ, ಹಾಂಗ್‌ಕಾಂಗ್ ಮೂಲದ ಸನ್ ಕ್ವೋಕ್ ಹಾಗೂ ಅವರ ಇಬ್ಬರು ಸಹೋದ್ಯೋಗಿಗಳು ಇದಕ್ಕೆ ಉತ್ತರ ಕೊಟ್ಟರು. ಗಾಳಿ ಒಂದಲ್ಲ, ಎರಡು. ಹೊರಪದರ ಕಳಚಿದ ಮೇಲೆ ಬೆತ್ತಲಾದ ಬಿಸಿ ಗರ್ಭದಿಂದ ಇನ್ನೊಂದು ಗಾಳಿ ಹೊರಡುತ್ತದೆ. ಅದು ಬಲು ತೆಳು, ಆದರೆ ಅದರ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಹಿಂದಿನಿಂದ ಬಂದ ಈ ರಭಸದ ಗಾಳಿ ಮುಂದೆ ನಿಧಾನವಾಗಿ ಸಾಗುತ್ತಿರುವ ಹಳೆಯ ಗಾಳಿಯನ್ನು ಹಿಡಿದು ತಳ್ಳಿ ಗುಡ್ಡೆ ಹಾಕುತ್ತದೆ.

ಸಿಂಧನೂರಿನ ಕಡೆಯ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಒಣಗಿದ ಕಾಲುವೆಗೆ ನೀರು ಬಿಟ್ಟಾಗ, ಮೊದಲ ನೀರು ಅಲ್ಲಿ ಬಿದ್ದಿದ್ದ ಹುಲ್ಲು, ಕಸ, ನೊರೆಯನ್ನೆಲ್ಲ ಮುಂದಕ್ಕೆ ದೂಡುತ್ತ ಬರುತ್ತದೆ. ಕಸದ ಆ ಸಾಲೇ ದೂರದಿಂದ ಮೊದಲು ಕಣ್ಣಿಗೆ ಬೀಳುವುದು. ನೀಹಾರಿಕೆಯ ಹೊಳೆಯುವ ಚಿಪ್ಪು ಅಂಥ ಸಾಲು. ಅದರ ದ್ರವ್ಯ ಹಳೆಯದು, ಅದನ್ನು ನೂಕುವ ಬಲ ಹೊಸದು.

ಇನ್ನು ಕಾಲದ ಲೆಕ್ಕಕ್ಕೆ ಮಸ್ಕಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. 1954ರಲ್ಲಿ ಇಲ್ಲಿ ಉತ್ಖನನ ನಡೆಸಿದ ಬಿ.ಕೆ. ಥಾಪರ್ ನಾಲ್ಕು ಕಾಲಘಟ್ಟಗಳನ್ನು ಗುರುತಿಸಿದರು. ಎಲ್ಲಕ್ಕಿಂತ ಕೆಳಗೆ ಕಲ್ಲಿನ ಜೊತೆಗೆ ಅಲ್ಪಸ್ವಲ್ಪ ತಾಮ್ರ ಬಳಸುತ್ತಿದ್ದವರ ನೆಲೆ, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಸಂಸ್ಕೃತಿ, ಆಮೇಲೆ ಆದಿ ಐತಿಹಾಸಿಕ ಕಾಲ, ಕೊನೆಗೆ ಮಧ್ಯಯುಗ. ಲಿಂಗಸುಗೂರು ತಾಲ್ಲೂಕಿನ ಪಿಕಳಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಅಗೆದು ತೋರಿಸಿದ ದನಗಾಹಿಗಳ ನವಶಿಲಾಯುಗದ ನೆಲೆಯೂ ಈ ಕಥೆಗೆ ಸೇರುತ್ತದೆ. ಈ ಸೀಮೆಯ ಅತಿ ಹಳೆಯ ಇಂಥ ಹಟ್ಟಿಗಳು ಸುಮಾರು ಐದು ಸಾವಿರ ವರ್ಷದಷ್ಟು ಹಿಂದಿನವು.

ಅಭಿಜಿತ್ ಬಳಿಯ ಉಂಗುರ ನೀಹಾರಿಕೆ ನಮ್ಮಿಂದ ಸುಮಾರು 2500 ಜ್ಯೋತಿರ್ವರ್ಷ ದೂರದಲ್ಲಿದೆ. ಎಂದರೆ ಇಂದು ರಾತ್ರಿ ಮಸ್ಕಿಯ ಮೇಲೆ ಬೀಳುವ ಅದರ ಬೆಳಕು ಅಶೋಕನಿಗಿಂತ ಸುಮಾರು ಎರಡು ಶತಮಾನ ಮೊದಲು ಅಲ್ಲಿಂದ ಹೊರಟದ್ದು. ಆಗ ಮಸ್ಕಿಯವರು ಕಬ್ಬಿಣದ ಕಾಲದಲ್ಲಿದ್ದರು, ಬಂಡೆಯ ಮೇಲೆ ಅಕ್ಷರವಿರಲಿಲ್ಲ. ಕೆಲವು ವರ್ಷಗಳ ಅಂತರದಲ್ಲಿ ತೆಗೆದ ಹಬಲ್ ದೂರದರ್ಶಕದ ಚಿತ್ರಗಳನ್ನು ಹೋಲಿಸಿ ಈ ಉಂಗುರ ಎಷ್ಟು ಹಿಗ್ಗಿದೆ ಎಂದು ಅಳೆದಿದ್ದಾರೆ. ಅದರ ಪ್ರಕಾರ ನಾವು ಕಾಣುವ ರೂಪದಲ್ಲಿ ಅದರ ವಯಸ್ಸು ಸುಮಾರು ನಾಲ್ಕು ಸಾವಿರ ವರ್ಷ. ಎರಡನ್ನೂ ಕೂಡಿದರೆ, ಆ ನಕ್ಷತ್ರ ತನ್ನ ಕೊನೆಯ ಹೊದಿಕೆಯನ್ನು ಕಳಚಿದಾಗ ಪಿಕಳಿಹಾಳಕ್ಕೆ ಮೊದಲ ದನಗಾಹಿಯೇ ಬಂದಿರಲಿಲ್ಲ. ಮಸ್ಕಿಯ ನಾಲ್ಕೂ ಪದರಗಳ ಇತಿಹಾಸ ಒಂದು ನೀಹಾರಿಕೆಯ ಆಯುಷ್ಯದೊಳಗೇ ಮುಗಿದುಹೋಗುತ್ತದೆ.

ರೂಪ ಬಂದದ್ದು ಎಲ್ಲಿಂದ?

ನಕ್ಷತ್ರ ದುಂಡು. ಅದು ಎಲ್ಲ ದಿಕ್ಕಿಗೂ ಸಮನಾಗಿ ಊದಿದರೆ ನೀಹಾರಿಕೆಯೂ ದುಂಡಗೇ ಇರಬೇಕು. ಆದರೆ ಹೆಚ್ಚಿನವು ಹಾಗಿಲ್ಲ. ಕೆಲವು ಮೊಟ್ಟೆಯಂತೆ, ಕೆಲವು ನಡು ಬಿಗಿದ ಡಮರುಗದಂತೆ, ಕೆಲವು ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಇವೆ. 1987ರಲ್ಲಿ ಅಮೆರಿಕದ ಬ್ರೂಸ್ ಬಾಲಿಕ್ ಈ ರೂಪಗಳನ್ನು ವರ್ಗೀಕರಿಸಿ, ಎರಡು ಗಾಳಿಗಳ ವಾದವನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಮೊದಲು ಹರಡಿದ ನಿಧಾನದ ಗಾಳಿ ನಕ್ಷತ್ರದ ನಡುಪಟ್ಟಿಯ ಸುತ್ತ ದಟ್ಟವಾಗಿದ್ದು ಧ್ರುವಗಳ ಕಡೆ ತೆಳುವಾಗಿದ್ದರೆ, ಹಿಂದಿನಿಂದ ಬಂದ ರಭಸದ ಗಾಳಿ ದಟ್ಟವಿರುವಲ್ಲಿ ತಡೆಯಲ್ಪಟ್ಟು ತೆಳುವಿರುವಲ್ಲಿ ನುಗ್ಗುತ್ತದೆ. ಕಾಲುವೆಯ ನೀರು ಒಡ್ಡು ಗಟ್ಟಿಯಿದ್ದಲ್ಲಿ ನಿಂತು ಸಡಿಲವಿದ್ದಲ್ಲಿ ಒಡೆದು ಹರಿಯುವಂತೆ ಇದು. ನುಗ್ಗಿದ ಎರಡು ಕಡೆಗಳೇ ಚಿಟ್ಟೆಯ ಎರಡು ರೆಕ್ಕೆಗಳು.

ನಡುಪಟ್ಟಿ ದಟ್ಟವಾಗುವುದು ಏಕೆ ಎಂಬುದು ಮುಂದಿನ ಪ್ರಶ್ನೆ. ಇಂದು ಹೆಚ್ಚಿನ ವಿಜ್ಞಾನಿಗಳ ಬೆರಳು ಜೊತೆಗಾರನ ಕಡೆಗಿದೆ. ಆಕಾಶದ ಬಹಳಷ್ಟು ನಕ್ಷತ್ರಗಳು ಒಂಟಿಯಲ್ಲ. ದೈತ್ಯವಾಗಿ ಉಬ್ಬಿದ ನಕ್ಷತ್ರದ ಸುತ್ತ ಇನ್ನೊಂದು ನಕ್ಷತ್ರವೋ ದೊಡ್ಡ ಗ್ರಹವೋ ಸುತ್ತುತ್ತಿದ್ದರೆ ಅದು ಹೊರಹೋಗುವ ಅನಿಲವನ್ನು ತನ್ನ ಕಕ್ಷೆಯ ಮಟ್ಟದಲ್ಲಿ ಕಲಕಿ ಒಟ್ಟುಗೂಡಿಸುತ್ತದೆ. ಕೆಲವೊಮ್ಮೆ ಅದರಿಂದ ಕಿರಿದಾದ ಕಾರಂಜಿಗಳೂ ಚಿಮ್ಮುತ್ತವೆ. 1998ರಲ್ಲಿ ಸಹಾಯ್ ಮತ್ತು ಟ್ರಾಗರ್ ಎಂಬ ವಿಜ್ಞಾನಿಗಳು ಹಬಲ್ ಚಿತ್ರಗಳನ್ನು ಆಧರಿಸಿ, ಎಳೆಯ ನೀಹಾರಿಕೆಗಳಿಗೆ ರೂಪ ಕೊಡುವುದರಲ್ಲಿ ಇಂಥ ಕಾರಂಜಿಗಳ ಪಾತ್ರ ಮುಖ್ಯವೆಂದು ವಾದಿಸಿದರು. ದಿಕ್ಕು ಬದಲಿಸುತ್ತ ಚಿಮ್ಮುವ ಕಾರಂಜಿಗಳು ಮೊದಲೇ ಕೊರೆದ ದಾರಿಯಲ್ಲಿ ಆಮೇಲಿನ ಗಾಳಿ ಸಾಗುತ್ತದೆ ಎಂಬುದು ಅವರ ವಾದ.

2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಉಂಗುರ ನೀಹಾರಿಕೆಯ ಹೊರವಲಯದಲ್ಲಿ ಒಂದರ ಹಿಂದೊಂದು ಸುಮಾರು ಹತ್ತು ಮಸುಕಾದ ಕಮಾನುಗಳನ್ನು ತೋರಿಸಿತು. ಅವು ಸುಮಾರು 280 ವರ್ಷಕ್ಕೊಂದರಂತೆ ಮೂಡಿವೆ ಎಂಬ ಅಂದಾಜಿದೆ. ನಮ್ಮ ಸೂರ್ಯನಿಂದ ಪ್ಲೂಟೊ ಇರುವಷ್ಟು ದೂರದಲ್ಲಿ ಸುತ್ತುವ ಜೊತೆಗಾರನೊಬ್ಬ ಆ ನಕ್ಷತ್ರಕ್ಕೆ ಇದ್ದಿರಬೇಕು ಎಂಬುದಕ್ಕೆ ಇದು ಸುಳಿವು. ವಿಜಯನಗರ ಹುಟ್ಟಿದ 1336ರಿಂದ ತಾಳಿಕೋಟೆ ಕದನದ 1565ರವರೆಗಿನ ಕಾಲಕ್ಕಿಂತಲೂ ಒಂದು ಕಮಾನಿನಿಂದ ಮುಂದಿನ ಕಮಾನಿಗೆ ಇರುವ ಅಂತರ ಹೆಚ್ಚು. ಥಾಪರ್ ಮಸ್ಕಿಯ ಮಣ್ಣಿನ ಪದರಗಳಿಂದ ಊರಿನ ಇತಿಹಾಸವನ್ನು ಓದಿದಂತೆ, ಈ ಅನಿಲದ ಪದರಗಳಿಂದ ಸತ್ತ ನಕ್ಷತ್ರದ ಸಂಸಾರವನ್ನು ಓದುತ್ತಿದ್ದಾರೆ.

ಕಣ್ಣೆದುರೇ ಹೊತ್ತಿಕೊಂಡ ದೀಪ

ಇಷ್ಟೆಲ್ಲ ನಿಧಾನದ ಕಥೆಯಲ್ಲಿ ಮನುಷ್ಯರ ಒಂದು ತಲೆಮಾರಿನೊಳಗೇ ನಡೆದ ಘಟನೆಯೊಂದಿದೆ. ಅದನ್ನು ಜಗತ್ತಿಗೆ ತಿಳಿಸಿದ್ದು ಬೆಂಗಳೂರು.

ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿ ಎಂ. ಪಾರ್ಥಸಾರಥಿ, ಕೆಂಪು ದೈತ್ಯದ ಘಟ್ಟ ದಾಟಿ ನೀಹಾರಿಕೆಯಾಗುವ ಹಾದಿಯಲ್ಲಿರುವ ನಕ್ಷತ್ರಗಳನ್ನು ಹುಡುಕುತ್ತಿದ್ದರು. 1983ರಲ್ಲಿ ಹಾರಿದ ಐರಾಸ್ ಉಪಗ್ರಹ ಅವಕೆಂಪು ಕಿರಣಗಳಲ್ಲಿ ಆಕಾಶವನ್ನು ನೋಡಿ, ತಣ್ಣನೆಯ ಧೂಳಿನ ಹೊದಿಕೆಯುಳ್ಳ ನಕ್ಷತ್ರಗಳ ಪಟ್ಟಿಯನ್ನು ಕೊಟ್ಟಿತ್ತು. ಅದರಲ್ಲಿ ದಕ್ಷಿಣದ ಏರಾ ಪುಂಜದ ಒಂದು ಮಂಕು ನಕ್ಷತ್ರವೂ ಇತ್ತು. 1971ರಲ್ಲಿ ದಾಖಲಾದ ಅದರ ರೋಹಿತ, ಬಿಸಿಯಾದ ನೀಲಿ ನಕ್ಷತ್ರವೊಂದರ ರೋಹಿತದಂತಿತ್ತು. ಆಮ್ಲಜನಕದ ಆ ಹಸಿರು ಗೆರೆ ಅದರಲ್ಲಿ ಇರಲಿಲ್ಲ. 1990 ಮತ್ತು 1992ರಲ್ಲಿ ತೆಗೆದ ರೋಹಿತದಲ್ಲಾದರೋ ನೀಹಾರಿಕೆಯ ಗೆರೆಗಳೆಲ್ಲ ಪ್ರಖರವಾಗಿ ಮೂಡಿದ್ದವು. 1993ರಲ್ಲಿ ಪಾರ್ಥಸಾರಥಿ ಮತ್ತು ಯುರೋಪಿನ ಅವರ ಸಹೋದ್ಯೋಗಿಗಳು ಈ ನಕ್ಷತ್ರ ಕಳೆದ ನಲವತ್ತು ವರ್ಷಗಳೊಳಗೆ ಗ್ರಹೀಯ ನೀಹಾರಿಕೆಯಾಗಿ ಮಾರ್ಪಟ್ಟಿದೆ ಎಂದು ಪ್ರಕಟಿಸಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ಅನಿಲ ಆ ಕೆಲವು ವರ್ಷಗಳಲ್ಲಿ ಹೊರಬಿದ್ದದ್ದಲ್ಲ. ಅದು ಮೊದಲೇ ಹರಡಿಕೊಂಡು ಕತ್ತಲಲ್ಲಿತ್ತು. ನಡುವಿನ ನಕ್ಷತ್ರ ಬಿಸಿಯೇರಿ ಅತಿನೇರಳೆ ಕಿರಣಗಳು ಸಾಕಷ್ಟು ಹೊಮ್ಮಿದೊಡನೆ ಅನಿಲ ಬೆಳಗಿತು. ಕತ್ತಲ ಕೋಣೆಯಲ್ಲಿ ಯಾರೋ ದೀಪ ಹಚ್ಚಿದಂತಾಯಿತು. 1996ರಲ್ಲಿ ಹಬಲ್ ತೆಗೆದ ಚಿತ್ರಗಳಲ್ಲಿ ಅದರ ರೂಪ ಸ್ಪಷ್ಟವಾಗಿ ಕಂಡಿತು. ತಿರಣಿ ಮೀನನ್ನು ಹೋಲುವುದರಿಂದ ಅದಕ್ಕೆ 'ಸ್ಟಿಂಗ್‌ರೇ' ಎಂಬ ಹೆಸರು ಬಂತು. ತಿಳಿದಿರುವ ನೀಹಾರಿಕೆಗಳಲ್ಲೆಲ್ಲ ಅತಿ ಎಳೆಯದು ಎಂಬ ಖ್ಯಾತಿಯೂ ಬಂತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1971ರಲ್ಲಿ ಸುಮಾರು 21 ಸಾವಿರ ಡಿಗ್ರಿಯಿದ್ದ ಆ ನಕ್ಷತ್ರದ ಬಿಸಿ 2002ರಲ್ಲಿ 60 ಸಾವಿರಕ್ಕೇರಿ, 2015ರ ಹೊತ್ತಿಗೆ 50 ಸಾವಿರಕ್ಕೆ ಇಳಿದಿತ್ತು. ಬೂದಿ ಮುಚ್ಚಿದ ಕೆಂಡ ಕೊನೆಗೊಮ್ಮೆ ಭಗ್ಗೆಂದು ಹೊತ್ತಿಕೊಳ್ಳುವಂತೆ ಅದರೊಳಗಿನ ಹೀಲಿಯಂ ಪದರ ಮತ್ತೊಮ್ಮೆ ಉರಿದಿರಬೇಕು ಎಂಬುದು ಒಂದು ವಿವರಣೆ. ದೀಪ ಸಣ್ಣದಾದಂತೆ ನೀಹಾರಿಕೆಯೂ ಮಂಕಾಯಿತು. 1996 ಮತ್ತು 2016ರ ಹಬಲ್ ಚಿತ್ರಗಳನ್ನು ಹೋಲಿಸಿದಾಗ ಆಮ್ಲಜನಕದ ಹಸಿರು ಬೆಳಕು ಹೆಚ್ಚುಕಡಿಮೆ ಸಾವಿರ ಪಟ್ಟು ಕುಂದಿರುವುದು ಕಂಡಿತು. ಸಾವಿರಾರು ವರ್ಷ ಇರಬೇಕಾದ ಬೆಳಕು ಇಪ್ಪತ್ತೇ ವರ್ಷಗಳಲ್ಲಿ ಆರುವ ಹಂತಕ್ಕೆ ಬಂದಿದೆ.

ಬೆಂಗಳೂರಿನ ಕೊಡುಗೆ ಅಷ್ಟಕ್ಕೇ ಮುಗಿಯುವುದಿಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೊಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಕಿರಣಗಳ ದೂರದರ್ಶಕವೊಂದಿದೆ. ಅದನ್ನು ರೂಪಿಸಿದ್ದು ಇದೇ ಖಭೌತ ಸಂಸ್ಥೆಯ ಮುಂದಾಳ್ತನದಲ್ಲಿ. 2018ರಲ್ಲಿ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಇದರ ಮೂಲಕ ವೃಶ್ಚಿಕ ರಾಶಿಯ ಚಿಟ್ಟೆ ನೀಹಾರಿಕೆಯನ್ನು ನೋಡಿದಾಗ, ಬರಿಗಣ್ಣ ಬೆಳಕಿನಲ್ಲಿ ಕಾಣುವ ರೆಕ್ಕೆಗಳಿಂದ ಬಹಳ ಹೊರಕ್ಕೆ ಚಾಚಿದ ಮಸುಕಾದ ಹಾಲೆಗಳು ಗೋಚರಿಸಿದವು. ಇನ್ನೊಂದು ನೀಹಾರಿಕೆಯ ಸುತ್ತಲೂ ಅಂಥದೇ ಪ್ರಭಾವಲಯ ಕಂಡಿತು. ತಣ್ಣನೆಯ ಜಲಜನಕದ ಅಣುಗಳು ಅತಿನೇರಳೆ ಬೆಳಕನ್ನು ಹೀರಿ ಮರುಸೂಸುವುದೇ ಇದಕ್ಕೆ ಕಾರಣವೆಂದು ಅವರು ತರ್ಕಿಸಿದ್ದಾರೆ. ಕೆಂಪು ದೈತ್ಯ ಕಳೆದುಕೊಂಡ ತೂಕದಲ್ಲಿ ಎಷ್ಟೋ ಪಾಲು ಕಾಣೆಯಾಗಿದೆ ಎಂಬ ಹಳೆಯ ದೂರಿಗೆ ಈ ಕಾಣದ ಅನಿಲ ಉತ್ತರವಾಗಬಹುದು.

ಗದ್ದೆಗೂ ಗಣಿಗೂ ಬಂದದ್ದು

ನೀಹಾರಿಕೆ ಕಣ್ಮರೆಯಾದರೂ ಅದರ ದ್ರವ್ಯ ಎಲ್ಲಿಯೂ ಹೋಗುವುದಿಲ್ಲ. ನಕ್ಷತ್ರಗಳ ನಡುವಿನ ಬಯಲಿಗೆ ಸೇರಿ ಮುಂದಿನ ನಕ್ಷತ್ರಗಳಿಗೆ, ಗ್ರಹಗಳಿಗೆ ಬಂಡವಾಳವಾಗುತ್ತದೆ. ವಿಶ್ವದ ಸಾರಜನಕದ ಬಹುಪಾಲೂ ಇಂಗಾಲದ ಗಣನೀಯ ಪಾಲೂ ಇಂಥ ನಕ್ಷತ್ರಗಳ ಒಡಲಲ್ಲೇ ತಯಾರಾದವು. ಸಿಂಧನೂರಿನ ಬತ್ತದ ಗದ್ದೆಗೆ ಯೂರಿಯಾ ಚೆಲ್ಲುವ ರೈತನ ಕೈಯಲ್ಲಿರುವ ಸಾರಜನಕ, ಸೂರ್ಯ ಹುಟ್ಟುವ ಮೊದಲೇ ಇದ್ದು ಅಳಿದ ಎಷ್ಟೋ ನೀಹಾರಿಕೆಗಳ ಪಾಲು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಮಾತು ಬೇರೆ. ಹಟ್ಟಿ–ಮಸ್ಕಿ ಶಿಲಾಪಟ್ಟಿ ಸುಮಾರು 250 ಕೋಟಿ ವರ್ಷಕ್ಕೂ ಹಳೆಯದು. ಎರಡು ಸಾವಿರ ವರ್ಷದ ಹಿಂದೆಯೇ ಜನ ಇಲ್ಲಿ ಆಳಕ್ಕಿಳಿದು ಚಿನ್ನ ತೆಗೆದಿದ್ದರು. ಆದರೆ ಚಿನ್ನದಂಥ ಭಾರದ ಧಾತುಗಳ ಹೆಚ್ಚಿನ ಪಾಲನ್ನು ತಯಾರಿಸಲು ಸೂರ್ಯನಂಥ ನಕ್ಷತ್ರದ ಶಾಂತವಾದ ಸಾವು ಸಾಲದು. 2017ರ ಆಗಸ್ಟ್ 17ರಂದು ಗುರುತ್ವದ ಅಲೆಗಳ ಮೂಲಕ ಪತ್ತೆಯಾದ ಎರಡು ನ್ಯೂಟ್ರಾನ್ ನಕ್ಷತ್ರಗಳ ಢಿಕ್ಕಿಯಂಥ ಘೋರ ಘಟನೆಗಳೇ ಅದಕ್ಕೆ ಬೇಕು. ಅನ್ನಕ್ಕೆ ಬೇಕಾದದ್ದು ನಿಧಾನದ ಗಾಳಿಯಲ್ಲಿ ಬಂತು, ಆಭರಣಕ್ಕೆ ಬೇಕಾದದ್ದು ಸ್ಫೋಟದಲ್ಲಿ ಬಂತು ಎನ್ನಬಹುದು.

ನಮ್ಮ ಸೂರ್ಯನಿಗೂ ಈ ಗತಿ ಕಾದಿದೆ. ಸುಮಾರು 500 ಕೋಟಿ ವರ್ಷಗಳ ನಂತರ ಅದು ದೈತ್ಯವಾಗಿ ಉಬ್ಬಿ ಹೊದಿಕೆಯನ್ನು ಕಳಚುತ್ತದೆ. 2018ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದರ ಪ್ರಕಾರ ಸೂರ್ಯನ ನೀಹಾರಿಕೆ ಕಂಡೂ ಕಾಣದಷ್ಟು ಮಂಕಾಗಿರುತ್ತದೆ.

ಉಂಗುರ ನೀಹಾರಿಕೆಯನ್ನು ನೋಡಬಯಸುವವರಿಗೆ ಮಳೆಗಾಲ ಕಳೆದ ಅಕ್ಟೋಬರ್ ತಿಂಗಳು ಒಳ್ಳೆಯದು. ಸಂಜೆ ಏಳರ ಹೊತ್ತಿಗೆ ವಾಯವ್ಯದಲ್ಲಿ ಎತ್ತರಕ್ಕೆ ಹೊಳೆಯುವ ಬಿಳಿ ನಕ್ಷತ್ರವೇ ಅಭಿಜಿತ್. ಅದರ ಪಕ್ಕದಲ್ಲಿ ಓರೆಯಾದ ಚೌಕದಂತೆ ನಾಲ್ಕು ಸಣ್ಣ ನಕ್ಷತ್ರಗಳಿವೆ. ಅಭಿಜಿತ್‌ನಿಂದ ದೂರದ ಎರಡರ ನಡುವೆ ಉಂಗುರವಿದೆ. ಬರಿಗಣ್ಣಿಗೆ ಕಾಣದು, ಶಾಲೆ ಕಾಲೇಜುಗಳಲ್ಲಿರುವ ಸಣ್ಣ ದೂರದರ್ಶಕ ಸಾಕು. ಪೇಟೆಯ ದೀಪಗಳಿಂದ ದೂರವಿರುವ ಕತ್ತಲ ಹೊಲ ಇದ್ದರೆ ಇನ್ನೂ ಒಳ್ಳೆಯದು.

ಸ್ಟಿಂಗ್‌ರೇ ನೀಹಾರಿಕೆ ಬೆಳಗಿದ್ದು ಗೊತ್ತಾದದ್ದು ಹೊಸ ಉಪಕರಣದಿಂದ ಮಾತ್ರವಲ್ಲ. 1971ರಲ್ಲಿ ಯಾರೋ ಆ ಮಂಕು ನಕ್ಷತ್ರದ ರೋಹಿತವನ್ನು ದಾಖಲಿಸಿ ಇಟ್ಟಿದ್ದರು. ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಫಲಕಗಳಲ್ಲಿ 1889ರಿಂದಲೇ ಆ ನಕ್ಷತ್ರದ ಗುರುತು ಉಳಿದಿತ್ತು. ಬರೆದಿಟ್ಟವರಿಗೆ ಅದರ ಮಹತ್ವ ಗೊತ್ತಿರಲಿಲ್ಲ. ಜೋಪಾನ ಮಾಡಿದವರಿಗೂ ಗೊತ್ತಿರಲಿಲ್ಲ. ನಮ್ಮ ಖಭೌತ ಸಂಸ್ಥೆ ಕೊಡೈಕೆನಾಲಿನ ನೂರು ವರ್ಷಕ್ಕೂ ಹಳೆಯ ಸೂರ್ಯನ ಫಲಕಗಳನ್ನು ಇಂದು ಗಣಕಯಂತ್ರಕ್ಕೆ ಇಳಿಸಿಟ್ಟಿರುವುದರ ಅರ್ಥವೂ ಇದೇ. ಯಾವ ಹಳೆಯ ಬರಹ ಯಾವ ದಿನ ಯಾವ ಪ್ರಶ್ನೆಗೆ ಉತ್ತರವಾದೀತೆಂದು ಹೇಳಲಾಗದು. ಚಿನ್ನ ಹುಡುಕುವ ಎಂಜಿನಿಯರ್ ಒಬ್ಬರು ಬಂಡೆಯ ಮೇಲಿನ ಗೀರುಗಳನ್ನು ಗಮನಿಸದೆ ಮುಂದೆ ನಡೆದಿದ್ದರೆ, ದೊರೆಯ ಹೆಸರು ಇನ್ನೂ ಎಷ್ಟೋ ಕಾಲ ಊಹೆಯಾಗಿಯೇ ಉಳಿಯುತ್ತಿತ್ತು.